ಹೊಸ್ತಿಲು ದಾಟಿದ ತಂಬಿಟ್ಟು

ಹೋದ ತಿಂಗಳು ಗೌರಿ ಹೊಸದುರ್ಗದಿಂದ ಬೆಳಗಿನ ಮೊದಲ ಬಸ್ಸಿಗೇ ಬಂದಳು. ಬಾಗಿಲಲ್ಲಿ ನಿಂತು, ಚಪ್ಪಲಿಯನ್ನೂ ಬಿಡದೆ, ಎಡಗೈಯ ಮಣಿಕಟ್ಟನ್ನು ಕೆನ್ನೆಯ ಮೂಳೆಗೆ ಒತ್ತಿ ಹಿಡಿದಳು. ಆಮೇಲೆ ಅದೇ ಕೈಯನ್ನು ಅಂಗಾತ ತಿರುವಿ ಕೆಳಗೆ ಬಿಟ್ಟಳು. ಗೌರಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ನಾವಿಬ್ಬರೂ ಚಿಕ್ಕಂದಿನಿಂದ ಕೈಯಲ್ಲೇ ಮಾತಾಡಿಕೊಂಡು ಬಂದವರು. ಮಣಿಕಟ್ಟು ಕೆನ್ನೆಗೆ ಬಂತೆಂದರೆ ಅದು ನಮ್ಮ ಶಿಶುವಿಹಾರದ ಅಕ್ಕೋರು. ಅಕ್ಕೋರು ತೀರಿಹೋದರು, ಹಿರಿಯೂರಿಗೆ ಮಣ್ಣಿಗೆ ಹೋಗೋಣ ಬಾ ಎಂದು ಕರೆಯಲು ಅವಳು ಬಂದಿದ್ದಳು.

ನಾನು ಬರುವುದಿಲ್ಲ ಎಂದು ತಲೆಯಾಡಿಸಿದೆ. ಗೌರಿ ನನ್ನನ್ನು ನೋಡಿದ ರೀತಿಯನ್ನು ಬರೆಯಲು ಆಗುವುದಿಲ್ಲ. ಕೈಯಲ್ಲಿ ಬೈದ ಬೈಗುಳವನ್ನು ಬರೆಯಬಹುದು, ಆದರೆ ಬರೆಯುವುದಿಲ್ಲ. ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಒಬ್ಬಳೇ ಹೋದಳು. ಅವಳಿಗೆ ಅಕ್ಕೋರು ದೇವರು. ನನಗೂ ಒಂದು ಕಾಲದಲ್ಲಿ ಹಾಗೇ ಇದ್ದರು, ಅದೇ ತೊಂದರೆ.

ಅಕ್ಕೋರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ನನ್ನ ಹೆಸರನ್ನು ಅವರು ಎರಡು ವರ್ಷ ಒಂದು ಪಟ್ಟಿಯಲ್ಲಿ ಕೂರಿಸಿದ್ದರು, ನಾನು ಅಲ್ಲಿ ಇಲ್ಲದಿದ್ದಾಗಲೂ. ಅದಕ್ಕೆ ಇದು ನನ್ನ ಸಣ್ಣ ಸೇಡು ಎಂದು ಬೇಕಾದರೆ ತಿಳಿಯಿರಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಹೊಳಲ್ಕೆರೆಯಲ್ಲಿ ಮುಚ್ಚಿಹೋದ ಒಂದು ಶೇಂಗಾ ಎಣ್ಣೆ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಊರಿನ ಹೆಂಗಸರ ಸಮಾಜವೊಂದು ಶಿಶುವಿಹಾರ ನಡೆಸುತ್ತಿತ್ತು. ನೆಲಕ್ಕೆ ಎಷ್ಟು ವರ್ಷದ ಎಣ್ಣೆ ಇಳಿದಿತ್ತೋ, ಎಷ್ಟು ಸಾರಿಸಿದರೂ ಹಿಂಡಿಯ ವಾಸನೆ ಹೋಗುತ್ತಿರಲಿಲ್ಲ. ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು. ನನ್ನಂಥ ನೆಲದ ಮೇಲೇ ಇರುವ ಮಕ್ಕಳಿಗೆ ಅವು ಒಳ್ಳೆಯ ಜೊತೆ.

ನನಗೆ ವರ್ಷ ತುಂಬುವ ಮುಂಚೆಯೇ ಜ್ವರ ಬಂದು ಎಡಗಾಲಿನ ಬಲ ಬಿದ್ದುಹೋಗಿತ್ತು. ಅಪ್ಪ ಕಂಬಳಿ ನೇಯುತ್ತಿದ್ದ. ಅವ್ವ ಉಣ್ಣೆ ಬಿಡಿಸುತ್ತಿದ್ದಳು, ಸುಗ್ಗಿಯಲ್ಲಿ ಮಂಡಿಗೆ ಶೇಂಗಾ ಸುಲಿಯಲು ಹೋಗುತ್ತಿದ್ದಳು. ನಮ್ಮಂಥವರ ಮನೆಯಲ್ಲಿ ಕಾಲಿಲ್ಲದ ಮಗು ಎಂದರೆ ಗೋಡೆಗೆ ಒರಗಿಸಿ ಕೂರಿಸಿ, ಮುಂದೆ ಒಂದಿಷ್ಟು ಮಂಡಕ್ಕಿ ಸುರಿದು ಕೆಲಸಕ್ಕೆ ಹೋಗುವುದು. ಯಾರದೂ ತಪ್ಪಲ್ಲ. ನನ್ನ ಐದನೆಯ ವರ್ಷದವರೆಗೂ ನಾನು ಕಂಡ ಲೋಕವೆಲ್ಲ ಜನರ ಮೊಣಕಾಲಿನ ಮಟ್ಟದ್ದು.

ಅಕ್ಕೋರು ಕುಳ್ಳಗೆ, ಕಪ್ಪಗೆ, ಹೆಗಲು ಮಾತ್ರ ಗಂಡಸರ ಹಾಗೆ. ಬಾಯಲ್ಲಿ ಸದಾ ಒಂದು ಲವಂಗ. ಎಡಗೈಗೆ ತೀರಿಹೋದ ಗಂಡನ ದೊಡ್ಡ ಕೈಗಡಿಯಾರ. ಸಡಿಲವಾಗಿದ್ದರಿಂದ ಮಗುವನ್ನು ಎತ್ತುವ ಮುಂಚೆ ಅದನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ನಮ್ಮ ಎದುರಿಗೇ ಅದಕ್ಕೆ ಕೀಲಿ ಕೊಟ್ಟು, ಒಬ್ಬೊಬ್ಬರ ಕಿವಿಗೂ ಹಿಡಿಯುವುದು ಅವರ ಪದ್ಧತಿ. ಟಿಕ್ ಟಿಕ್ ಕೇಳಿದವರೆಲ್ಲ ಕಿಸಕ್ಕನೆ ನಗಬೇಕು, ಅದೇ ಹಾಜರಿ. ಗೌರಿ ಬಂದ ಮೊದಲ ದಿನ ಎಲ್ಲರೂ ನಗುವುದನ್ನು ನೋಡಿ, ತನಗೇನೂ ಆಗದೆ, ಕಿರುಚಿ ಅತ್ತಳು. ಅಕ್ಕೋರು ಗಡಿಯಾರವನ್ನು ಅವಳ ಕೆನ್ನೆಯ ಮೂಳೆಗೆ ಗಟ್ಟಿಯಾಗಿ ಒತ್ತಿದರು. ಗೌರಿಯ ಅಳು ನಿಂತುಹೋಯಿತು. ಅವಳ ಮುಖ ಆಗ ಹೇಗಾಯಿತು ಎಂಬುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವತ್ತಿನಿಂದ ಅದೇ ಅಕ್ಕೋರ ಹೆಸರಾಯಿತು.

ಸಮಾಜದ ಹೆಂಗಸರು ಹಬ್ಬಕ್ಕೊಮ್ಮೆ ಬಾಳೆಹಣ್ಣಿನ ಬುಟ್ಟಿ ಹೊತ್ತು ಬಂದು ನಮ್ಮನ್ನು ನೋಡಿ ಲೊಚಗುಟ್ಟುತ್ತಿದ್ದರು. ಅಕ್ಕೋರು ಬಾಗಿಲಲ್ಲೇ ತಡೆದು ಹೇಳುತ್ತಿದ್ದರು: "ಅಯ್ಯೋ ಪಾಪ ಅನ್ನೋರು ಹೊರಗೇ ನಿಂತ್ಕಳ್ರಿ. ಒಳಗೆ ಜಾಗ ಕಮ್ಮಿ ಐತೆ. ಹಣ್ಣು ಮಾತ್ರ ಕೊಟ್ಟು ಹೋಗ್ರಿ."

ಇಂಥ ಮಕ್ಕಳನ್ನು ಸೇರಿಸಿಕೊಂಡ ಶಿಶುವಿಹಾರಕ್ಕೆ ಸರ್ಕಾರದಿಂದ ಸಹಾಯಧನ ಇದೆ ಎಂಬ ಸಂಗತಿಯೇ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕೋರಿಗೆ ಅದು ಎಲ್ಲಿಂದಲೋ ಕಿವಿಗೆ ಬಿತ್ತು. ಬುತ್ತಿ ಕಟ್ಟಿಕೊಂಡು ಚಿತ್ರದುರ್ಗದ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂತರು. ನಾಳೆ ಬನ್ನಿ ಎಂದ ಗುಮಾಸ್ತನಿಗೆ, "ನಾಳೆ ಬರ್ಬೇಕಂದ್ರೆ ಇವತ್ತು ಹೋಗ್ಬೇಕಲ್ಲಪ್ಪ, ನಾನು ಹೋದ್ರೆ ತಾನೆ!" ಎಂದು ಬುತ್ತಿ ಬಿಚ್ಚಿದರಂತೆ. ಹೀಗೆ ಎಷ್ಟು ಸಲ ಬುತ್ತಿ ಬಿಚ್ಚಿದರೋ, ಕೊನೆಗೆ ಮಂಜೂರಾತಿಯ ಕಾಗದ ಬಂತು. ನಮಗೆ ದಿನಾ ಹಾಲು. ನಮ್ಮನ್ನು ಮನೆಯಿಂದ ಹೊತ್ತೋ ನಡೆಸಿಯೋ ತರಲು, ತೊಳೆದು ಬಳಿದು ನೋಡಿಕೊಳ್ಳಲು ಒಬ್ಬ ಆಯಾ. ಕಾಗದ ಬಂದ ದಿನವೇ ಅಕ್ಕೋರು ಎದುರು ಮನೆಯ ಹೊನ್ನಜ್ಜಿಯ ಕೈಹಿಡಿದು ಎಳೆದುಕೊಂಡು ಬಂದು, "ನಾಳೆಯಿಂದ ನೀನೇ ಇವರ ಕಾಲು" ಎಂದರು.

ಆ ಕಾಗದದಲ್ಲಿ ಒಂದು ಷರತ್ತು ಇತ್ತು. ಇಂಥ ಮಕ್ಕಳು ನಾಲ್ಕಕ್ಕೆ ಕಡಿಮೆ ಇರಬಾರದು, ಎದ್ದು ನಡೆಯುವ ಮಗು ಆ ಲೆಕ್ಕಕ್ಕೆ ಬರುವುದಿಲ್ಲ. ನಾವು ಸರಿಯಾಗಿ ನಾಲ್ಕೇ ಇದ್ದೆವು. ನಾನು, ಗೌರಿ, ಕಣ್ಣು ಕಾಣದ ಒಬ್ಬ ಹುಡುಗ, ಮೂರ್ಛೆ ಬರುತ್ತಿದ್ದ ಒಬ್ಬ ಹುಡುಗಿ. ವರ್ಷಕ್ಕೊಮ್ಮೆ ದುರ್ಗದಿಂದ ಸಾಹೇಬರು ಬಂದು ನಾಲ್ಕು ಜನವನ್ನೂ ಕಣ್ಣಾರೆ ನೋಡಿ ಬರೆದುಕೊಂಡು ಹೋಗಬೇಕು. ಮೂರಾದರೆ ಹೊನ್ನಜ್ಜಿ ಇಲ್ಲ. ಹೊನ್ನಜ್ಜಿ ಇಲ್ಲವೆಂದರೆ ಮೂರೂ ಮಕ್ಕಳು ಮನೆಯ ಗೋಡೆಗೆ ವಾಪಸ್ಸು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಿದ್ದದ್ದು ಹೊನ್ನಜ್ಜಿಯ ಸೊಂಟ ಮತ್ತು ಅಕ್ಕೋರ ಸೆರಗು, ಎರಡೇ.

ಸೆರಗಿನ ವಿಷಯ ಹೇಳಲೇಬೇಕು. ನನ್ನನ್ನು ನಿಲ್ಲಿಸಲು ಅಕ್ಕೋರು ಒಂದು ವರ್ಷ ಒದ್ದಾಡಿದರು. ಕಾಲಿಗೆ ಎಣ್ಣೆ ತಿಕ್ಕಿದರು, ಬಿದಿರು ದಬ್ಬೆ ಕಟ್ಟಿದರು, ಗೋಡೆ ಹಿಡಿಸಿದರು. ಗೋಡೆ ಇರುವವರೆಗೆ ನಾನು ನಿಲ್ಲುತ್ತಿದ್ದೆ, ಗೋಡೆ ಮುಗಿದರೆ ಕೂತುಬಿಡುತ್ತಿದ್ದೆ. ಆಗ ತಮ್ಮ ಸೆರಗಿನ ತುದಿಯನ್ನು ನನ್ನ ಮುಷ್ಟಿಗೆ ಕೊಟ್ಟು, ಬೆನ್ನು ತಿರುಗಿಸಿ, ನಿಧಾನವಾಗಿ ಮುಂದೆ ನಡೆದರು. ಸೆರಗು ಯಾರನ್ನಾದರೂ ಬೀಳದಂತೆ ಹಿಡಿಯುತ್ತದೆಯೇ? ಅಷ್ಟು ಬುದ್ಧಿ ಇದ್ದಿದ್ದರೆ ನಾನು ನಡೆಯುತ್ತಲೇ ಇರಲಿಲ್ಲ. ನನಗೆ ಅದು ಕಬ್ಬಿಣದ ಸರಳು.

ಅವರದೊಂದು ನೇಮ ಇತ್ತು. ಸೆರಗನ್ನು ಹಿಂದಕ್ಕೆ ಎಳೆದುಕೊಳ್ಳುವ ಮುಂಚೆ ಹೇಳಿಯೇ ಎಳೆದುಕೊಳ್ಳುವುದು. "ಬಿಡಿಸ್ಕಂತೀನಿ ನೋಡು" ಎಂದು ಒಂದು ಸಲ, "ಬಿಡಿಸ್ಕಂಡೆ" ಎಂದು ಇನ್ನೊಂದು ಸಲ. ಹೊನ್ನಜ್ಜಿ ಒಮ್ಮೆ ತಮಾಷೆಗೆ ಹಿಂದಿನಿಂದ ಬಂದು ನನ್ನ ಕೈಯಿಂದ ಸೆರಗು ಕಿತ್ತಿದ್ದಕ್ಕೆ ಅಕ್ಕೋರು ಉರಿದುಬಿದ್ದರು. "ಹೇಳ್ದೆ ಬಿಡಬಾರ್ದು ಕಣಜ್ಜಿ. ಹೇಳಿ ಬಿಟ್ರೆ ಮಗು ಬಿದ್ರೂ ಏಳ್ತೈತೆ. ಹೇಳ್ದೆ ಬಿಟ್ರೆ ಬೀಳ್ದಿದ್ರೂ ಇನ್ನೊಂದ್ಸಲ ಕೈ ಕೊಡಲ್ಲ." ಈ ಮಾತನ್ನು ಆಡಿದವರು ಅವರೇ. ನಾನು ಕಟ್ಟಿ ಹೇಳುತ್ತಿಲ್ಲ.

ಒಂದು ಭಾನುವಾರ ನಮ್ಮ ಮನೆಯಲ್ಲಿ ನಡೆದದ್ದು ಇದು. ಅಪ್ಪ ಬೀದಿಯಲ್ಲಿ ಗೂಟ ನೆಟ್ಟು ಕಂಬಳಿಯ ಹಾಸು ಎಳೆದು, ಉಣ್ಣೆಯ ಎಳೆಗಳಿಗೆ ಹುಣಿಸೆಬೀಜದ ಗಂಜಿ ಬಳಿಯುತ್ತಿದ್ದ. ಅವ್ವ ಒಳಗೆ ಒಲೆಯ ಮುಂದೆ. ನಾನು ನಡುಮನೆಯಲ್ಲಿ ಗೋಡೆ ಹಿಡಿದು ನಿಂತವಳು, ಇಲ್ಲದ ಸೆರಗೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಬಿಡಿಸ್ಕಂಡೆ" ಎಂದು ನನಗೆ ನಾನೇ ಹೇಳಿಕೊಂಡು ಹೊಸ್ತಿಲು ದಾಟಿ ಜಗಲಿಗೆ ಬಂದುಬಿಟ್ಟೆ. ಅಪ್ಪನ ಕೈಯ ಗಂಜಿಯ ಕುಂಚ ಹಾಸಿನ ಮೇಲೇ ಬಿತ್ತು. ಅವ್ವ ಓಡಿ ಬಂದವಳು ನನ್ನನ್ನು ಎತ್ತಲಿಲ್ಲ, ಹೊಸ್ತಿಲ ಮೇಲೆ ತಲೆಯಿಟ್ಟು ಅತ್ತಳು.

ಮಗು ಮೊದಲ ಸಲ ನಡೆದು ಹೊಸ್ತಿಲು ದಾಟಿದರೆ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಸಿಹಿ ಹಂಚುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಉಂಟು. ಬೇರೆ ಮಕ್ಕಳಿಗೆ ಅದು ವರ್ಷ ತುಂಬುವ ಹೊತ್ತಿಗೆ. ನನಗೆ ಐದು ಮುಗಿದ ಮೇಲೆ. ಅವ್ವ ಎರಡು ದಿನ ಅಕ್ಕಿ ಹುರಿದು ಬೀಸಿ, ಬೆಲ್ಲ ಕೊಬ್ಬರಿ ಹಾಕಿ ತಂಬಿಟ್ಟು ಕಟ್ಟಿದಳು. ಮೊದಲ ತಂಬಿಟ್ಟು ಅಕ್ಕೋರ ಬಾಯಿಗೆ ಬೀಳಬೇಕು, ಆಮೇಲೆ ಮಿಕ್ಕವರಿಗೆ ಎಂದು ಹಟ ಹಿಡಿದಳು. ಬುಧವಾರ ತರುತ್ತೇನೆ ಎಂದು ನನ್ನ ಹತ್ತಿರ ಹೇಳಿದ್ದಳು, ಅಕ್ಕೋರಿಗೆ ಹೇಳಬೇಡ ಎಂದು ಬಾಯಿಗೆ ಬೆರಳಿಟ್ಟಿದ್ದಳು.

ಸೋಮವಾರ ನಾನು ಅಕ್ಕೋರಿಗೆ ಹೊಸ್ತಿಲಿನ ಸುದ್ದಿಯನ್ನಷ್ಟೇ ಹೇಳಿದೆ. ಅವರು ನನ್ನನ್ನು ಎತ್ತಿ ಸುತ್ತಿಸಿದರು. ಸುತ್ತಿಸಿ ಇಳಿಸುವ ಹೊತ್ತಿಗೆ ಅವರ ಮುಖ ಬದಲಾಗಿತ್ತು.

ಮಂಗಳವಾರ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ನಾಳೆ ದುರ್ಗದಿಂದ ಸಾಹೇಬ್ರು ಬರ್ತಾರೆ. ಅವ್ರು ಇರೋವರ್ಗೂ ನೀನು ಏಳಬಾರ್ದು. ಬಾ ಅಂತ ಕರೆದ್ರೆ ಮುಂಚಿನ ಹಂಗೆ ತೆವಳ್ಕಂಡು ಹೋಗ್ಬೇಕು."

"ಯಾಕ್ರಿ ಅಕ್ಕೋರೆ?"

"ನಾನು ಹೇಳ್ತೀನಲ್ಲ, ಅದಕ್ಕೆ."

"ಆಟಾನಾ?"

ಅವರು "ಹ್ಞೂಂ, ಆಟ" ಎಂದರು. ಮಕ್ಕಳ ಹತ್ತಿರ ಅವರು ಆಡಿದ ಮೊದಲ ಸುಳ್ಳು ಅದು ಎಂದು ನಾನು ನಂಬಿದ್ದೇನೆ. ಅಷ್ಟನ್ನಾದರೂ ನಂಬಲು ಬಿಡಿ.

ಬುಧವಾರ ಸಾಹೇಬರು ಬಂದರು. ಸಣ್ಣ ಪ್ರಾಯದವರು, ಸಭ್ಯಸ್ಥರು, ಯಾರನ್ನೂ ಗದರಲಿಲ್ಲ. ಕಣ್ಣಿಲ್ಲದ ಹುಡುಗನ ಮುಂದೆ ಕೈಯಾಡಿಸಿದರು. ಗೌರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಮೂರ್ಛೆಯ ಹುಡುಗಿಯ ವಿಷಯವನ್ನು ಹೊನ್ನಜ್ಜಿಯಿಂದ ಕೇಳಿ ಬರೆದುಕೊಂಡರು. ಆಮೇಲೆ ನನ್ನನ್ನು, "ಬಾ ಮರಿ" ಎಂದು ಕರೆದರು. ನಾನು ಚಾಪೆಯಿಂದ ಇಳಿದು, ಎಣ್ಣೆಯ ನೆಲದ ಮೇಲೆ, ಇರುವೆಗಳ ಸಾಲು ದಾಟಿಕೊಂಡು ತೆವಳಿದೆ. ಚೆನ್ನಾಗಿ ತೆವಳಿದೆ. ಆಟವಲ್ಲವೇ? ಅರ್ಧ ದಾರಿಯಲ್ಲಿ ಅಕ್ಕೋರ ಕಡೆ ನೋಡಿ ನಕ್ಕೆ ಕೂಡ. ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಅದೇ ಹೊತ್ತಿಗೆ ಅವ್ವ ಬಾಗಿಲಲ್ಲಿ ನಿಂತಳು. ಮದುವೆಯ ಸೀರೆ, ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೆಯ ತುಂಬ ತಂಬಿಟ್ಟು. ನಾನು ನೆಲದ ಮೇಲಿರುವುದನ್ನು ಅವಳು ಗಮನಿಸಲೇ ಇಲ್ಲ. ನಾನು ನೆಲದ ಮೇಲಿರುವುದು ಅವಳಿಗೆ ಹೊಸತೇ? ದೊಡ್ಡವರೊಬ್ಬರು ಅತಿಥಿ ಬಂದಿದ್ದಾರೆ, ಶುಭದ ಸಿಹಿ ಮೊದಲು ಅವರಿಗೆ ಹೋಗಬೇಕು, ಅಕ್ಕೋರೂ ಅದನ್ನೇ ಮೆಚ್ಚುತ್ತಾರೆ ಎಂದು ಅವಳ ಲೆಕ್ಕ. ನೆಟ್ಟಗೆ ಸಾಹೇಬರ ಮುಂದೆ ಹೋಗಿ ತಟ್ಟೆ ಹಿಡಿದಳು.

"ತಗಳ್ರಿ ಸಾಹೇಬ್ರೆ, ಬಾಯಿ ಸಿಹಿ ಮಾಡ್ಕಳ್ರಿ. ನಮ್ ಹುಡ್ಗಿ ಹೊಸ್ಲು ದಾಟೈತೆ. ಎಲ್ಲ ನಮ್ ಅಕ್ಕೋರ ಪುಣ್ಯ."

"ಯಾವ ಹುಡುಗಿ?" ಎಂದರು ಸಾಹೇಬರು.

ಅವ್ವ ನನ್ನ ಕಡೆ ಕೈ ತೋರಿಸಿದಳು. ಸಾಹೇಬರು ಅಕ್ಕೋರ ಕಡೆ ತಿರುಗಿದರು. ಆಗ ಅಕ್ಕೋರು ಹೇಳಿದ ಮಾತು ಇದು: "ಇಲ್ಲ ಸಾರ್. ನಡೆಯಲ್ಲ. ತಾಯಿಗೆ ಆಸೆ, ಹಂಗೆ ಹೇಳ್ಕಂಡು ತಿರುಗ್ತಾಳೆ."

ಅವ್ವನ ಬಾಯಿ ತೆರೆದದ್ದು ಹಾಗೇ ಉಳಿಯಿತು. "ಏನಂದ್ರಿ ಅಕ್ಕೋರೆ? ಭಾನುವಾರ ದಾಟೈತೆ ಕಣ್ರಿ. ಅವರಪ್ಪನೂ ನೋಡೈತೆ. ಏ ಮಗಾ, ಎದ್ದು ತೋರ್ಸು, ಏಳವ್ವ."

ಎಲ್ಲರೂ ನನ್ನನ್ನು ನೋಡಿದರು. ನಾನು ಅಕ್ಕೋರನ್ನು ನೋಡಿದೆ. ಅವರು ಈಗ ಗಡಿಯಾರ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ತಲೆಯಾಡಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಸೆರಗನ್ನು ಮಾತ್ರ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡರು. ಇದು ಆಟವಲ್ಲ ಎಂದು ನನಗೆ ಆ ಕ್ಷಣಕ್ಕೆ ಗೊತ್ತಾಯಿತು. ಗೊತ್ತಾಗಿಯೂ ನಾನು ಏಳಲಿಲ್ಲ. ಅವ್ವ ಎರಡನೆಯ ಸಲ ಕರೆದಳು. ಮೂರನೆಯ ಸಲ ಅವಳ ದನಿ ಒಡೆಯಿತು. ನಾನು ಕೂತೇ ಇದ್ದೆ. ಹೆತ್ತವಳನ್ನು ದುರ್ಗದ ಸಾಹೇಬರ ಎದುರಿಗೆ ಸುಳ್ಳಿ ಮಾಡಿ ಕೂತೇ ಇದ್ದೆ.

ಸಾಹೇಬರು ಒಂದು ತಂಬಿಟ್ಟು ತೆಗೆದುಕೊಂಡರು. "ಇರಲಿ ಬಿಡಿ, ತಾಯಿಕರುಳು" ಎಂದು ಮೆಲ್ಲಗೆ ಹೇಳಿ, ಕಾಗದಕ್ಕೆ ಸಹಿ ಹಾಕಿದರು. ಅವರು ಬೈದಿದ್ದರೆ ಅವ್ವ ತಡೆದುಕೊಳ್ಳುತ್ತಿದ್ದಳು. ಆ ಕನಿಕರವನ್ನು ಸಾಯುವವರೆಗೂ ಅವಳು ಮರೆಯಲಿಲ್ಲ. ಅಯ್ಯೋ ಪಾಪ ಅನ್ನುವವರಿಗೆ ಜಾಗವಿಲ್ಲದ ಕೋಣೆಯಲ್ಲಿ ನಮ್ಮ ಅವ್ವನಿಗೆ ಸಿಕ್ಕಿದ್ದು ಅದೇ.

ಅವ್ವ ತಟ್ಟೆಯನ್ನು ನೆಲದ ಮೇಲಿಟ್ಟು, ನನ್ನನ್ನು ಸೊಂಟಕ್ಕೆ ಎತ್ತಿಕೊಂಡು ಹೊರಟಳು. ತಿರುಗಿ ನೋಡಿದಾಗ ಗೌರಿ ತಟ್ಟೆಯ ಪಕ್ಕ ಕೂತು, ಏನೊಂದೂ ತಿಳಿಯದೆ, ಎರಡೂ ಕೈಯಲ್ಲಿ ತಂಬಿಟ್ಟು ತಿನ್ನುತ್ತಿದ್ದಳು. ಅಕ್ಕೋರು ಒಂದನ್ನೂ ಮುಟ್ಟಿರಲಿಲ್ಲ.

ಸಂಜೆ ಅವರು ನಮ್ಮ ಮನೆಗೆ ಬಂದರು. ಅಪ್ಪ ಕಂಬಳಿ ಹಾಸಲು ಹೋದ, ಅವ್ವ ಬೇಡವೆಂದಳು. ಕುಂತ್ಕಳ್ರಿ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಬಂದವರಿಗೆ ಆ ಮಾತು ಹೇಳದೆ ಇದ್ದದ್ದು ನಾನು ಕಂಡಂತೆ ಅದೊಂದೇ ಸಲ.

"ನಾಲ್ಕು ಮಕ್ಕಳ ಮೇಲೆ ಆಯಾ ನಿಂತಾಳೆ ಕಣವ್ವ," ಎಂದರು ಅಕ್ಕೋರು. "ನಿನ್ ಮಗಳು ನಡೆದ್ಲು ಅಂದ್ರೆ ಮೂರಾಯ್ತು. ಗೌರೀನ ಯಾರು ಕರ್ಕಂಡು ಬರ್ತಾರೆ? ಆ ಕುರುಡು ಹುಡುಗ್ನ ಯಾರು ತರ್ತಾರೆ? ನಾನು ಏನ್ ಮಾಡ್ಲಿ ಹೇಳು."

"ಅದನ್ನ ನಿನ್ನೆ ನನ್ ಹತ್ರ ಹೇಳಾಕೆ ಏನಾಗಿತ್ತು?" ಎಂದಳು ಅವ್ವ. "ಒಂದ್ ಮಾತು ಹೇಳಿದ್ರೆ ನಾನ್ಯಾಕೆ ತಟ್ಟೆ ಹೊತ್ಕಂಡು ಬರ್ತಿದ್ದೆ? ನಾನೂ ನಿಮ್ ಜೊತೆ ನಿಂತು ಸುಳ್ಳು ಹೇಳ್ತಿದ್ದೆ ಅಕ್ಕೋರೆ. ನನಗೇನು ಗೌರಿ ಬ್ಯಾರೆನಾ? ಉಣ್ಣೆ ಬಿಡಿಸೋಳಿಗೆ ಏನ್ ತಿಳೀತೈತೆ ಅಂದ್ಕಂಡ್ರಲ್ಲ, ಅಷ್ಟೇ ಸಾಕು."

ಅಕ್ಕೋರು ಬಾಗಿಲವರೆಗೆ ಹೋಗಿ ನಿಂತು, "ನಾಳೆ ಕಳಿಸ್ತೀಯಾ?" ಎಂದು ಕೇಳಿದರು.

"ಹೆಸ್ರು ಇಟ್ಕಳ್ರಿ. ಅದು ನಿಮಗೆ ಬೇಕು. ಹುಡ್ಗೀನ ಕಳಿಸಲ್ಲ."

ಹೀಗೆ ನನ್ನ ಹೆಸರು ಶಿಶುವಿಹಾರದಲ್ಲಿ ಉಳಿಯಿತು, ನಾನು ಮನೆಯಲ್ಲಿ ಉಳಿದೆ. ಮರುವರ್ಷ ಸಾಹೇಬರು ಬಂದಾಗ ಹುಡುಗಿಗೆ ಜ್ವರ ಎಂದು ಅಕ್ಕೋರು ಹೇಳಿದರಂತೆ, ಸಾಹೇಬರು ನಂಬಿದರಂತೆ. ಹೊನ್ನಜ್ಜಿ ಇನ್ನೂ ಎರಡು ವರ್ಷ ಮೂರು ಮಕ್ಕಳನ್ನು ಕರೆತಂದಳು. ಗೌರಿ ಅಲ್ಲಿ ಕತ್ತರಿ ಹಿಡಿಯಲು ಕಲಿತಳು, ಆ ಕತ್ತರಿಯಿಂದಲೇ ಇವತ್ತು ಹೊಸದುರ್ಗದಲ್ಲಿ ಸ್ವಂತ ಹೊಲಿಗೆ ಅಂಗಡಿ ಇಟ್ಟು ಬದುಕುತ್ತಿದ್ದಾಳೆ. ಆ ಸುಳ್ಳು ಹೇಳದಿದ್ದರೆ ಗೌರಿ ಇಲ್ಲ. ಇದನ್ನು ನಾನು ಬಲ್ಲೆ. ಬಲ್ಲೆನೆಂದು ನೋವು ಕಡಿಮೆಯಾಗುವುದಿಲ್ಲ.

ನಾನು ನಡೆಯುವುದನ್ನು ನಿಲ್ಲಿಸಿಬಿಟ್ಟಿದ್ದೆ. ಅಪ್ಪ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಕಂಬಳಿಯ ಹಾಸಿನ ಉದ್ದಕ್ಕೂ ಪಕ್ಕದಲ್ಲಿ ಒಂದು ಹಗ್ಗ ಬಿಗಿದು ಕಟ್ಟಿದ. ಅವನು ಗಂಜಿ ಬಳಿಯುತ್ತಾ ಆ ಕಡೆಯಿಂದ, ನಾನು ಹಗ್ಗ ಹಿಡಿದು ಈ ಕಡೆಯಿಂದ. ಮೊದಲಿನಿಂದ ಕಲಿತೆ. ಸೆರಗಿಗಿಂತ ಹಗ್ಗ ಗಟ್ಟಿ. ಆದರೆ ಹಗ್ಗ ಏನೂ ಹೇಳುವುದಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಶಿಶುವಿಹಾರ ಮುಚ್ಚಿತ್ತು, ಅಕ್ಕೋರು ಹಿರಿಯೂರಿಗೆ ಹೋಗಿದ್ದರು. ನಾನು ಹೈಸ್ಕೂಲಿಗೆ ಸೇರಲು ಸಿರಿಗೆರೆಗೆ ಹೊರಟಿದ್ದೆ. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನನ್ನನ್ನೂ ಟ್ರಂಕನ್ನೂ ಕೂರಿಸಿ ಅಪ್ಪ ಬಸ್ಸು ವಿಚಾರಿಸಲು ಹೋಗಿದ್ದ. ಊರುಗೋಲು ಟ್ರಂಕಿನ ಹಿಂದೆ ಇತ್ತು. ಪಕ್ಕದಲ್ಲಿ ಲವಂಗದ ವಾಸನೆ ಬಂತು. ಯಾರದೋ ಮದುವೆಗೆ ಬಂದವರು ವಾಪಸ್ಸು ಹೊರಟಿದ್ದರು. ಕೂದಲು ಬೆಳ್ಳಗಾಗಿತ್ತು, ಗಡಿಯಾರ ಅದೇ.

ಅವರು ಮೊದಲು ನೋಡಿದ್ದು ನನ್ನ ಕಾಲನ್ನು, ಆಮೇಲೆ ಮುಖವನ್ನು.

"ನಡೀತೀಯಂತೆ? ಹೊನ್ನಜ್ಜಿ ಹೇಳಿದ್ಲು."

ನಾನು ಟ್ರಂಕಿನ ಬೀಗವನ್ನು ಎಳೆದು ನೋಡಿದೆ.

"ಗೌರಿ ಹೊಲಿಗೆ ಕಲ್ತಾಳೆ, ಗೊತ್ತೇನೆ?"

"ಗೊತ್ತು."

ಅಕ್ಕೋರು ರಸ್ತೆ ನೋಡುತ್ತಾ ಹೇಳಿದರು: "ನೀನು ಹೊಸ್ಲು ದಾಟಿದ್ದು ನಾನು ನೋಡ್ಲೇ ಇಲ್ಲ. ಆ ತಂಬಿಟ್ಟೂ ನನ್ ಬಾಯಿಗೆ ಬೀಳ್ಲಿಲ್ಲ. ಒಂದ್ ನಾಲ್ಕು ಹೆಜ್ಜೆ ನಡೆದು ತೋರ್ಸೆ ತಾಯಿ, ನೋಡ್ಕಂಡು ಹೋಗ್ತೀನಿ."

ತಪ್ಪಾಯಿತು ಎಂದಿದ್ದರೆ ಎದ್ದುಬಿಡುತ್ತಿದ್ದೆನೋ ಏನೋ. ಅವರು ಅನ್ನಲಿಲ್ಲ. ಹಿರಿಯೂರು ಬಸ್ಸು ಬಂತು, ಕಂಡಕ್ಟರು ಕೂಗಿದ. ಅಕ್ಕೋರು ಎದ್ದು ನಿಂತು, ಸೊಂಟದಿಂದ ಸೆರಗು ಬಿಡಿಸಿ, ಅದರ ತುದಿಯನ್ನು ನನ್ನ ಕಡೆ ಚಾಚಿದರು. ನನ್ನ ಮುಷ್ಟಿ ಅದರಷ್ಟಕ್ಕೇ ತೆರೆಯಿತು. ನಾನು ಅದನ್ನು ಮುಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಅವರು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಸೆರಗನ್ನು ಹಿಂದಕ್ಕೆ ಎಳೆದುಕೊಂಡು, ಏನೂ ಹೇಳದೆ ಬಸ್ಸು ಹತ್ತಿದರು.

ಒಂದು ಸಲ ಅವರಿಗೋಸ್ಕರ ಕೂತಿದ್ದೆ, ಇನ್ನೊಂದು ಸಲ ಅವ್ವನಿಗೋಸ್ಕರ. ಬಸ್ಸು ತಿರುವು ದಾಟುವುದನ್ನೇ ಕಾದಿದ್ದು, ಟ್ರಂಕಿನ ಹಿಂದಿನ ಊರುಗೋಲನ್ನು ಅಲ್ಲೇ ಬಿಟ್ಟು ಎದ್ದೆ. ಆ ಬಸ್ಸು ನಿಂತಿದ್ದ ಜಾಗದವರೆಗೂ ನಡೆದು ಹೋಗಿ ನಿಂತುಕೊಂಡೆ. ನೋಡಬೇಕಾದವರು ಯಾರೂ ಇರಲಿಲ್ಲ.